ಬಣ್ಣ ಬಳಿಯದೆ ಬಿಟ್ಟ ಮರ

ಆ ವರ್ಷ ನನಗಿದ್ದ ಕೆಲಸ ಇಷ್ಟೇ: ಪರಂಗಿ ತೋಟಗಳಲ್ಲಿ ಸಾಲು ಹಿಡಿದು ನಡೆಯುವುದು, ಪ್ರತಿ ಮರದ ಎದುರು ನಿಂತು ತಲೆಯೆತ್ತಿ ನೋಡುವುದು, ರೋಗದ ಗುರುತು ಕಂಡರೆ ಕಾಂಡದ ಮೇಲೆ ಕೆಂಪು ಬಣ್ಣದ ಒಂದು ಗೀಟು ಎಳೆಯುವುದು. ಮಾರನೆಯ ದಿನ ಕಡಿಯುವವರು ಬರುತ್ತಿದ್ದರು. ಗೀಟು ಬಿದ್ದ ಮರ ಆ ಸಂಜೆಗೆ ನೆಲದ ಮೇಲೆ.

ನಾನು ಹರ್ಮೀನಿಯ. ಊರಿನವರ ಬಾಯಲ್ಲಿ ಮಿನಿಂಗ್. ಹವಾಯಿಯ ದೊಡ್ಡ ದ್ವೀಪದ ಪೂನ ಸೀಮೆಯಲ್ಲಿ ನನ್ನನ್ನು ಗುರುತಿಸದವರು ಆಗ ಯಾರೂ ಇರಲಿಲ್ಲ. ಬಣ್ಣದ ಡಬ್ಬಿ ಹಿಡಿದು ತೋಟದ ಬಾಯಿಗೆ ಬಂದರೆ ಗಂಡಸರು ಕೆಲಸ ಬಿಟ್ಟು ನಿಂತು ಬಿಡುತ್ತಿದ್ದರು.

"ಬಂದ್ಲಪ್ಪಾ ಯಮನ ತಂಗಿ. ಮಿನಿಂಗ್, ನನ್ನ ಹೆಂಡತಿ ಹಣೆಗೂ ಒಂದು ಗೀಟು ಹಾಕಿ ಹೋಗೇ" ಎಂದು ಒಬ್ಬ ಕೂಗಿದರೆ, ಅವನ ಹೆಂಡತಿ ಪಕ್ಕದ ಸಾಲಿನಿಂದ, "ಮೊದಲು ಅವನಿಗೆ ಹಾಕು, ಬುಡದಿಂದಲೇ ಕೊಳೆತಿದಾನೆ" ಎನ್ನುತ್ತಿದ್ದಳು. ನಗುತ್ತಿದ್ದರು. ಆದರೆ ನಾನು ಒಂದು ಮರದ ಎದುರು ಎರಡು ಕ್ಷಣ ಹೆಚ್ಚು ನಿಂತರೆ ಸಾಕು, ಆ ನಗು ಅಲ್ಲೇ ನಿಲ್ಲುತ್ತಿತ್ತು.

ನಮ್ಮ ಪೂನದಲ್ಲಿ ಮಣ್ಣು ಎಂಬುದು ಹೆಸರಿಗೆ ಮಾತ್ರ. ನೆಲವೆಲ್ಲ ಲಾವಾ ಆರಿ ಕಲ್ಲಾದದ್ದು. ಬುಲ್‌ಡೋಜರ್ ಓಡಿಸಿ ಕಲ್ಲು ಒಡೆದು, ಗುಂಡಿಗೆ ಎರಡು ಬೊಗಸೆ ಮಣ್ಣು ಸುರಿದು ಬೀಜ ಊರಿದರೆ ಪರಂಗಿ ಎದ್ದು ನಿಲ್ಲುತ್ತದೆ; ಬೇರೆ ಯಾವ ಬೆಳೆಯೂ ಆ ಕಲ್ಲನ್ನು ಅಷ್ಟು ಬೇಗ ಕ್ಷಮಿಸುವುದಿಲ್ಲ. ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಇಲೊಕಾನೊ ಗಂಡಸರು ಹೆಚ್ಚಿನವರು ಪರಂಗಿಗೆ ಬಂದರು. ಫಿಲಿಪೀನ್ಸಿನಿಂದ ಕಬ್ಬು ಕಡಿಯಲು ಹಡಗು ಹತ್ತಿ ಬಂದವರು ಅವರೆಲ್ಲ. ನನ್ನ ಅಪ್ಪ ಬಂದ, ಅಪ್ಪನ ಜೊತೆಗಾರ ಕ್ರಿಸಾಂತೊ ಬಲಿಗಾದ್ ಬಂದ. ಅಪ್ಪ ಬೇಗ ಹೋದ. ಕ್ರಿಸಾಂತೊ ಉಳಿದ, ನನಗೆ ಮರ ನೋಡುವುದನ್ನು ಕಲಿಸಿದ. ನಮ್ಮ ಮಾತಿನಲ್ಲಿ ಅಪ್ಪನ ಸಮಾನರಾದವರನ್ನು ತಾತಾ ಎನ್ನುತ್ತೇವೆ. ಅವನು ನನಗೆ ತಾತಾ ಕ್ರಿಸಾಂತೊ.

ರೋಗದ ವಿಷಯ ನಮಗೆ ಹೊಸದಲ್ಲ. ವೈರಸ್ಸಿನ ರೋಗ ಅದು. ಎಲೆ ಹಳದಿ ತಿರುಗುತ್ತದೆ, ಎಳೆಯ ಕಾಂಡದ ಮೇಲೆ ಎಣ್ಣೆ ಸೋರಿದ ಹಾಗೆ ಕಪ್ಪು ಗೆರೆಗಳು ಬೀಳುತ್ತವೆ, ಕಾಯಿಯ ಮೈಮೇಲೆ ಪುಟ್ಟ ಪುಟ್ಟ ಉಂಗುರಗಳು ಮೂಡುತ್ತವೆ. ಆಮೇಲೆ ಮರ ಕಾಯಿ ಬಿಡುವುದನ್ನು ಮರೆಯುತ್ತದೆ. ಪಕ್ಕದ ದ್ವೀಪದ ತೋಟಗಳನ್ನು ಅದು ನಲವತ್ತು ವರ್ಷದ ಹಿಂದೆಯೇ ಮುಗಿಸಿತ್ತು. ಹಿಲೊ ಪಟ್ಟಣದ ಹಿತ್ತಿಲುಗಳಲ್ಲಿ ಇತ್ತು. ನಮಗೂ ಹಿಲೊಗೂ ನಡುವೆ ಇಪ್ಪತ್ತು ಮೈಲಿ ಕಾಡು, ಲಾವಾ ಬಯಲು. ಆ ಇಪ್ಪತ್ತು ಮೈಲಿಯನ್ನೇ ಕೋಟೆ ಎಂದು ನಂಬಿಕೊಂಡು ನಾವು ಬದುಕಿದ್ದೆವು. ತೊಂಬತ್ತೆರಡರ ಮೇ ತಿಂಗಳಲ್ಲಿ ನಮ್ಮ ಸೀಮೆಯದೇ ಆದ ಪಾಹೋವದ ಹತ್ತಿರ ಒಂದು ತೋಟದಲ್ಲಿ ಉಂಗುರ ಕಂಡಿತು. ಸರ್ಕಾರ ಮರ ಹುಡುಕಿ ಕಡಿಯುವ ತಂಡ ಕಟ್ಟಿತು. ಕಣ್ಣು ಚುರುಕಾಗಿದೆ ಎಂದು ನನ್ನನ್ನು ತೆಗೆದುಕೊಂಡರು. ಆಗ ನನಗೆ ಮೂವತ್ತೊಂದು.

ತಾತಾ ಕ್ರಿಸಾಂತೊನ ತೋಟಕ್ಕೆ ನಾನು ಜುಲೈನಲ್ಲಿ ಹೋದೆ. ಆರು ಎಕರೆ. ಎಲ್ಲರೂ ಬೀಜ ಕೊಂಡು ತಂದರೆ ಅವನು ತನ್ನದನ್ನೇ ಇಟ್ಟುಕೊಳ್ಳುತ್ತಿದ್ದ. ಪ್ರತಿ ವರ್ಷ ಒಂದು ಮರ ಆರಿಸುತ್ತಿದ್ದ. ಅದರ ಹೂವಿಗೆ ಬೇರೆ ಮರದ ಪರಾಗ ತಾಗದಂತೆ ಕಾಗದದ ಚೀಲ ಕಟ್ಟುತ್ತಿದ್ದ. ಆ ಮೂರು ನಾಲ್ಕು ಹಣ್ಣಿನ ಬೀಜವೇ ಮುಂದಿನ ತೋಟ. ಅವನ ಹಣ್ಣು ಅಂಗೈಯಲ್ಲಿ ಕೂರುವಷ್ಟೇ ದೊಡ್ಡದು, ಹಳದಿ ತಿರುಳು, ಚಮಚ ಮುಳುಗಿಸಿದರೆ ಬೆಣ್ಣೆ. "ಮಗಳನ್ನ ಕೊಡೋ ಮುಂಚೆ ಹುಡುಗನ ಮನೆ ನೋಡ್ತಾರಲ್ಲ, ಹಾಗೆ ನಾನು ಹನ್ನೊಂದು ತಲೆಮಾರು ನೋಡಿದೀನಿ ಕಣೇ" ಎನ್ನುತ್ತಿದ್ದ.

ನಾಲ್ಕನೆಯ ಸಾಲಿನಲ್ಲಿ ಚೀಲ ಕಟ್ಟಿದ್ದ ಆ ಮರದ ಎದುರೇ ನಾನು ನಿಂತೆ. ಕಾಯಿಗಳು ಸ್ವಚ್ಛವಾಗಿದ್ದವು. ಎಲೆ ಹಸಿರಾಗಿತ್ತು. ಆದರೆ ತುದಿಯ ಎಲೆಯ ತೊಟ್ಟಿನ ಮೇಲೆ, ಬೆರಳುದ್ದ, ಎಣ್ಣೆ ಗೆರೆ.

ತಾತಾ ನನ್ನ ಹಿಂದೆಯೇ ಇದ್ದ. ಅವನೂ ನೋಡಿದ್ದ. ನನಗಿಂತ ಮುಂಚೆಯೇ ನೋಡಿರಬೇಕು.

"ಎಂಟು ದಿನ ಕೊಡು" ಎಂದ.

"ತಾತಾ..."

"ಆ ಮೂರು ಕಾಯಿ ನೋಡು. ಈಗ ಬುಡದಲ್ಲಿ ಬಣ್ಣ ತಿರುಗ್ತಾ ಇದೆ. ಈಗ ಕಿತ್ತರೆ ಬೀಜ ಬಲಿತಿರಲ್ಲ. ಎಂಟೇ ದಿನ. ಬೀಜಕ್ಕೆ ಈ ರೋಗ ಹತ್ತಲ್ಲ ಅಂತ ನಿಮ್ಮೋರೇ ಹೇಳ್ತಾರಲ್ಲ."

"ಬೀಜಕ್ಕೆ ಹತ್ತಲ್ಲ. ಎಲೆಯ ರಸ ಹೀರೋ ಹೇನಿಗೆ ಹತ್ತುತ್ತೆ. ಹೇನು ಇಲ್ಲೇ ಕೂತಿರುತ್ತಾ? ಒಂದು ಮರಕ್ಕೆ ಬಾಯಿ ಹಾಕುತ್ತೆ, ಹಿಡಿಸಲ್ಲ, ಪಕ್ಕದ್ದಕ್ಕೆ ಹಾರುತ್ತೆ."

"ದಿನಾ ಸೋಪಿನ ನೀರು ಹೊಡೀತೀನಿ. ಹಗಲೆಲ್ಲ ಇಲ್ಲೇ ಕೂತ್ಕೋತೀನಿ. ಒಂಬತ್ತನೇ ದಿನ ನೀನು ಬರೋ ಹೊತ್ತಿಗೆ ಈ ಮರ ಇರಲ್ಲ, ನನ್ನ ಕೈಯಾರೆ ಕಡಿದಿರ್ತೀನಿ. ನಾನು ನಿನ್ನ ಹತ್ರ ಯಾವತ್ತಾದರೂ ಏನಾದ್ರೂ ಕೇಳಿದೀನಾ ಮಿನಿಂಗ್?"

ಕೇಳಿರಲಿಲ್ಲ. ನನ್ನ ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು, ನನ್ನ ಶಾಲೆಯ ಬೂಟು ಹೊಲಿಸಿ ಕೊಟ್ಟವನು ಏನನ್ನೂ ಕೇಳಿರಲಿಲ್ಲ. ನಾನು ಪುಸ್ತಕ ತೆಗೆದು ನಾಲ್ಕನೆಯ ಸಾಲಿನ ಮುಂದೆ 'ಆರೋಗ್ಯ' ಎಂದು ಬರೆದೆ. ಬರೆದು ಎಂದಿನಂತೆ ಮುಂದಿನ ಮರಕ್ಕೆ ನಡೆದೆ. ಅದೇ ನನಗೆ ಈಗಲೂ ಆಶ್ಚರ್ಯ.

ಒಂಬತ್ತನೆಯ ದಿನ ಮಾತಿನಂತೆ ಮರ ಇರಲಿಲ್ಲ. ಬುಡದ ಬೇರನ್ನೂ ಕಿತ್ತು ಸುಟ್ಟಿದ್ದ. ಅವನ ಅಡಿಗೆಮನೆಯ ಕಿಟಕಿಯಲ್ಲಿ ಹಳೆಯ ವರ್ತಮಾನ ಪತ್ರಿಕೆಯ ಮೇಲೆ ಬೀಜ ಹರಡಿತ್ತು, ಕರಿ ಮೆಣಸಿನ ಹಾಗೆ. ನಾನು ಅತ್ತ ನೋಡದೆ ಹೊರಗೆ ಬಂದೆ. ಬೇಲಿಯಾಚೆ ಯುಫೇಮಿಯಳ ತೋಟ.

ಯುಫೇಮಿಯ ಸೊರಿಯಾನೊ ನನಗಿಂತ ಹತ್ತು ವರ್ಷ ದೊಡ್ಡವಳು. ಅಕ್ಕ ಎನ್ನುವುದಕ್ಕೆ ನಮ್ಮಲ್ಲಿ ಮನಾಂಗ್. ಎಲ್ಲರಿಗೂ ಅವಳು ಮನಾಂಗ್ ಯುಫೇಮಿಯ. ಗಂಡ ಸತ್ತ ಮೇಲೆ ಐದು ಎಕರೆಯನ್ನು ಒಬ್ಬಳೇ ನಡೆಸುತ್ತಿದ್ದಳು. ಟ್ರ್ಯಾಕ್ಟರ್ ಅವಳೇ ಓಡಿಸುತ್ತಿದ್ದಳು, ಏಣಿ ಹತ್ತಿ ಹಣ್ಣು ಅವಳೇ ಕೀಳುತ್ತಿದ್ದಳು, ಚರ್ಚಿನ ಹಾಡಿನ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಶ್ರುತಿ ತಪ್ಪಿ ಹಾಡುತ್ತಿದ್ದಳು. ಆ ದಿನ ಅವಳ ತೋಟದ ಬೇಲಿ ಪಕ್ಕದ ಸಾಲಿನಲ್ಲಿ ಎಂಥ ಗೆರೆಯೂ ಇರಲಿಲ್ಲ. ಮೂರನೆಯ ವಾರ ನಾಲ್ಕು ಮರದಲ್ಲಿ ಇತ್ತು. ನಾಲ್ಕಕ್ಕೂ ಗೀಟು ಎಳೆದೆ. ಮುಂದಿನ ವಾರ ಮೂವತ್ತು. ಕ್ರಿಸ್‌ಮಸ್ ಹೊತ್ತಿಗೆ ಗೀಟು ಎಳೆಯಲು ಡಬ್ಬಿ ಬಿಚ್ಚುವುದೂ ವ್ಯರ್ಥ ಎನ್ನುವ ಹಾಗಾಯಿತು.

"ಎಲ್ಲಿಂದ ಬಂತೇ ಇದು?" ಎಂದು ಅವಳು ನನ್ನನ್ನು ಕೇಳಿದಳು. "ತಾತಾ ಕ್ರಿಸಾಂತೊನ ಕಡೆಯಿಂದ ಬಂತು ಅನ್ನೋಣ ಅಂದ್ರೆ, ಅವನ ಕಡೆ ನೀನು ಆರೋಗ್ಯ ಅಂತ ಬರೆದಿದ್ದೆ."

"ಗಾಳಿ ಮನಾಂಗ್" ಎಂದೆ. "ಹೇನು ಗಾಳೀಲಿ ಬರುತ್ತೆ."

ಸುಳ್ಳೂ ಅಲ್ಲ. ಆ ತಿಂಗಳು ಗಾಳಿ ಬರುವ ದಿಕ್ಕಿಗೆ ಅರ್ಧ ಮೈಲಿ ದೂರದ ಎರಡು ಪಾಳು ತೋಟಗಳಲ್ಲಿ ರೋಗ ಸಿಕ್ಕಿತ್ತು. ಅಲ್ಲಿಂದ ಬಂದಿರಬಹುದು. ಆ ಒಂದು ಮರದ ಎಂಟು ದಿನದಿಂದ ಬಂದಿರಬಹುದು. ಹೇನಿನ ಬಾಯಿಗೆ ಸಾಕ್ಷಿ ಇಲ್ಲ. ತಾತಾನ ತೋಟವೂ ಅದೇ ಚಳಿಗಾಲದಲ್ಲಿ ಹಳದಿಯಾಯಿತು. ತೊಂಬತ್ನಾಲ್ಕರ ಹೊತ್ತಿಗೆ ಸರ್ಕಾರ ಕಡಿಯುವುದನ್ನೇ ಬಿಟ್ಟಿತು. ಉಳಿಸಲು ಯೋಗ್ಯವಾದ ಮರ ಇದ್ದರಲ್ಲವೇ ಕಡಿಯುವ ಮರವನ್ನು ಆರಿಸುವುದು? ಯುಫೇಮಿಯ ದ್ವೀಪದ ಆಚೆ ದಡದ ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದಳು. ಬಸ್ಸಿನಲ್ಲಿ ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ. ಭಾನುವಾರದ ಹಾಡಿನಲ್ಲಿ ಅವಳ ದನಿ ಕೇಳುವುದು ನಿಂತಿತು. ಹಾಡಿಗೆ ಶ್ರುತಿ ಕೂಡಿಬಂದಿತ್ತು. ಅದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ತೊಂಬತ್ತೈದರಲ್ಲಿ ವಿಶ್ವವಿದ್ಯಾಲಯದ ಕಡೆಯವರು ಕಪೋಹೊದಲ್ಲಿ, ಸತ್ತ ತೋಟಗಳ ನಟ್ಟನಡುವೆ, ಒಂದು ತುಂಡು ಜಾಗ ಹಿಡಿದರು. ಪ್ರಯೋಗಶಾಲೆಯಲ್ಲಿ ಮಾಡಿದ ಪರಂಗಿಯನ್ನು ಅಲ್ಲಿ ನೆಟ್ಟು ನೋಡಬೇಕಿತ್ತು. ನೋಡಿಕೊಳ್ಳಲು ಊರಿನ ಒಬ್ಬರು ಬೇಕು ಎಂದಾಗ ನಾನು ಹೋಗಿ ನಿಂತೆ. ಮೇಲ್ವಿಚಾರಣೆಗೆ ಬಂದವರು ಡಾಕ್ಟರ್ ತೊಕುಹಾರ. ಉದ್ದನೆಯ ಮನುಷ್ಯ, ಬಿಸಿಲಿಗೆ ಮೂಗಿನ ಸಿಪ್ಪೆ ಸದಾ ಸುಲಿದಿರುತ್ತಿತ್ತು. ಅವರಿಂದಲೇ ನನಗೆ ಗೊತ್ತಾದದ್ದು, ಈ ಕೆಲಸ ರೋಗ ನಮ್ಮ ಕಡೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತು ಎಂದು. ಇಪ್ಪತ್ತು ಮೈಲಿಯ ಕೋಟೆಯನ್ನು ನಾವು ನಂಬಿದ್ದಾಗ ಯಾರೋ ಕೆಲವರು ನಂಬಿರಲಿಲ್ಲ.

ಸಸಿ ನೆಟ್ಟ ದಿನ ತಾತಾ ಕ್ರಿಸಾಂತೊ ಊರುಗೋಲು ಹಿಡಿದು ನೋಡಲು ಬಂದ. ಅವನಿಗೆ ಆಗ ಎಪ್ಪತ್ತೊಂದು.

"ಡಾಕ್ಟ್ರೇ, ಇದಕ್ಕೆ ಏನು ಮಾಡಿದೀರಿ?"

ತೊಕುಹಾರ ಕಲ್ಲಿನ ಮೇಲೆ ಕುಳಿತು ಹೇಳಿದರು. "ಆ ವೈರಸ್ಸಿಗೆ ಮೇಲೊಂದು ಅಂಗಿ ಇರುತ್ತೆ ಅಜ್ಜ. ಆ ಅಂಗಿ ಹೊಲಿಯೋ ಲೆಕ್ಕ ಅದರ ಜೀನ್ ಒಳಗೆ ಬರೆದಿರುತ್ತೆ. ಆ ಒಂದು ಚೂರು ತೆಗೆದು ಪರಂಗಿಯ ಜೀನ್ ನಡುವೆ ಸೇರಿಸಿದೀವಿ. ಸಣ್ಣ ಲೋಹದ ಪುಡಿಗೆ ಅದನ್ನ ಅಂಟಿಸಿ, ಬಂದೂಕಿನ ಹಾಗೆ ಒಂದು ಯಂತ್ರದಿಂದ ಹೊಡೆದಿದ್ದು."

"ಪರಂಗಿಗೆ ಗುಂಡು ಹೊಡೆದ್ರಾ?"

"ಸಾವಿರ ಸಲ. ನಾಟಿದ್ದು ಎಲ್ಲೋ ಒಂದೆರಡು."

ತಾತಾ ಊರುಗೋಲಿನಿಂದ ಒಂದು ಸಸಿಯ ಬುಡ ತೋರಿಸಿದ. "ಅಂದ್ರೆ ಕಳ್ಳನ ಅಂಗಿ ಮನೇಲಿ ನೇತು ಹಾಕಿದ್ರೆ, ಕಳ್ಳ ಬಂದು ನೋಡಿ, ಓ ನಮ್ಮೋರೇ ಇದಾರೆ ಅಂತ ವಾಪಸ್ ಹೋಗ್ತಾನೆ."

ತೊಕುಹಾರ ಜೋರಾಗಿ ನಕ್ಕರು. "ಹಾಗೇ ಇರಬಹುದು. ನಿಜ ಹೇಳ್ಬೇಕಂದ್ರೆ ಯಾಕೆ ವಾಪಸ್ ಹೋಗ್ತಾನೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಹೋಗ್ತಾನೆ ಅನ್ನೋದು ಗೊತ್ತು."

ಮನೆಗೆ ಹೋಗುವ ದಾರಿಯಲ್ಲಿ ತಾತಾ ಅಂದ: "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋ ಡಾಕ್ಟರನ್ನ ಇವತ್ತೇ ನೋಡಿದ್ದು. ಇದು ಒಳ್ಳೇದೋ ಕೆಟ್ಟದ್ದೋ?"



ವರ್ಷ ಕಳೆಯುವುದರೊಳಗೆ ನೆಲವೇ ಉತ್ತರ ಕೊಟ್ಟಿತು. ಹೋಲಿಸಿ ನೋಡಲೆಂದು ಸುತ್ತ ನೆಟ್ಟ ಮಾಮೂಲಿ ಮರಗಳು ಹಳದಿಯಾಗಿ, ತುದಿ ಬೋಳಾಗಿ, ಬಟ್ಟೆ ಹಾರಿಹೋದ ಛತ್ರಿಕಡ್ಡಿಗಳ ಹಾಗೆ ನಿಂತವು. ನಡುವಿನ ಚೌಕ ಮಾತ್ರ ಕಡು ಹಸಿರು. ಕುತ್ತಿಗೆಯಿಂದ ಸೊಂಟದವರೆಗೆ ಕಾಯಿ. ದಿಬ್ಬದ ಮೇಲಿನಿಂದ ನೋಡಿದರೆ ಯಾರೋ ಹಳದಿ ಬಟ್ಟೆಗೆ ಹಸಿರು ತೇಪೆ ಹಾಕಿದಂತಿತ್ತು. ನಾಲ್ಕು ವರ್ಷದಿಂದ ರೋಗವನ್ನೇ ಹುಡುಕಿ ಹುಡುಕಿ ಪಳಗಿದ ನನ್ನ ಕಣ್ಣು ಆ ಮರಗಳ ತೊಟ್ಟು ತೊಟ್ಟಿನಲ್ಲೂ ಗೆರೆ ಹುಡುಕಿತು. ಸಿಗಲಿಲ್ಲ. ಒಂದು ದಿನ ಸಾಲಿನ ಕೊನೆಯಲ್ಲಿ ಕುಳಿತು ಅತ್ತೆ. ಸಂತೋಷಕ್ಕಲ್ಲ. ಇದು ನಾಲ್ಕೈದು ವರ್ಷ ಮೊದಲು ಬಂದಿದ್ದರೆ ಆ ಎಂಟು ದಿನಕ್ಕೆ ಬೆಲೆಯೇ ಇರುತ್ತಿರಲಿಲ್ಲವಲ್ಲ ಎಂದು.

ಹಣ್ಣು ಆಗತೊಡಗಿದ ಮೇಲೆ ಇನ್ನೊಂದು ಸಂಕಟ. ಸರ್ಕಾರದ ಅನುಮತಿ ಬರುವವರೆಗೆ ಅದರ ಒಂದು ಹೋಳೂ ಯಾರ ಬಾಯಿಗೂ ಹೋಗಕೂಡದು. ಕಿತ್ತು, ತೂಕ ಮಾಡಿ, ಬರೆದು, ಗುಂಡಿಗೆ ಹಾಕಿ ಮುಚ್ಚಬೇಕು. ಬೆಳಿಗ್ಗೆಯೆಲ್ಲ ನಾನು ಹಣ್ಣು ಹೂಳುತ್ತಿದ್ದೆ. ಗುಂಡಿಯ ಸುತ್ತ ಆ ಸಿಹಿ ವಾಸನೆ. ಬೇಲಿಯ ಆಚೆ ನಾಲ್ಕು ವರ್ಷದಿಂದ ಒಳ್ಳೆಯ ಹಣ್ಣು ಕಾಣದ ಊರು.

ತಾತಾ ಬೇಲಿ ಹಿಡಿದು ನಿಂತು ನೋಡುತ್ತಿದ್ದ. "ಹಣ್ಣು ಏನು ತಪ್ಪು ಮಾಡ್ತು ಕಣೇ?"

"ತಪ್ಪಿಲ್ಲ ತಾತಾ. ಪರೀಕ್ಷೆ ಮುಗಿದಿಲ್ಲ."

"ಒಂದು ಹೋಳು ಕೊಡು. ಬೀಜ ಕೇಳ್ತಿಲ್ಲ, ಎಂಥದೂ ಕೇಳ್ತಿಲ್ಲ. ನಾಲಿಗೆ ಮೇಲೆ ಇಟ್ಟು ಉಗಿದು ಬಿಡ್ತೀನಿ. ನಾಳೆ ಇರ್ತೀನೋ ಇಲ್ವೋ."

"ಇಲ್ಲ."

"ಮಿನಿಂಗ್..."

"ಒಂದು ಸಲ ನೀನು ಕೇಳಿದೆ, ನಾನು ಕೊಟ್ಟೆ" ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. "ಆಮೇಲೆ ಏನಾಯ್ತು ಅಂತ ಇಬ್ಬರಿಗೂ ಗೊತ್ತು."

ನಾಲ್ಕು ವರ್ಷದಲ್ಲಿ ಆ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು. ಅವನು ಬೇಲಿಯ ತಂತಿಯನ್ನು ಬಿಡಲಿಲ್ಲ. ಹಿಡಿದೇ ಅಂದ: "ನಾನು ಅವಳಿಗೆ ಹೇಳ್ತೀನಿ ಅಂತ ಮೂರು ಸಲ ಹೋಗಿದೀನಿ. ಮೂರು ಸಲವೂ ಊಟ ಹಾಕಿದಳು. ಕೋಳಿ ಸಾರು, ಪರಂಗಿಕಾಯಿ ಸಿಗಲ್ಲ ಅಂತ ಸೋರೆಕಾಯಿ ಹಾಕಿ, ನುಗ್ಗೆಸೊಪ್ಪು ಹಾಕಿ. ಉಂಡು ಬಂದೆ. ಉಣ್ಣೋ ಬಾಯಲ್ಲಿ ಹೇಗೆ ಹೇಳ್ಲಿ?"

"ಕೇಳಿದ್ದು ನೀನು. ಪುಸ್ತಕದಲ್ಲಿ ಸುಳ್ಳು ಬರೆದಿದ್ದು ನಾನು" ಎಂದೆ. "ಹೇಳೋದಿದ್ರೆ ನಾನು ಹೇಳ್ಬೇಕು."

ಹೇಳಲು ಇನ್ನೂ ಒಂದೂವರೆ ವರ್ಷ ಹಿಡಿಯಿತು.

ತೊಂಬತ್ತೆಂಟರ ಮೇ ತಿಂಗಳಲ್ಲಿ ಅನುಮತಿಯೆಲ್ಲ ಮುಗಿದು ಬೀಜ ಹಂಚುವ ದಿನ ಬಂತು. ಸಭಾಂಗಣ ತುಂಬಿತ್ತು. ಬೀಜ ಉಚಿತ, ಆದರೆ ಮೊದಲು ಕುಳಿತು ಒಂದು ವಿಡಿಯೊ ನೋಡಬೇಕು, ಎಲ್ಲಿ ಮಾರಬಹುದು ಎಲ್ಲಿ ಮಾರಬಾರದು ಎಂಬ ಕಾಗದಕ್ಕೆ ಸಹಿ ಹಾಕಬೇಕು. ಯಾರಿಗೆ ಮೊದಲು ಎನ್ನುವುದಕ್ಕೆ ಚೀಟಿ ಎತ್ತಿದರು. ಮುಂದಿನ ಸಾಲಿನಲ್ಲಿ ಇಬ್ಬರು ಮುದುಕರು ವಾದ ಹೂಡಿದ್ದರು.

"ವೈರಸ್ ಹಾಕಿದಾರಂತೆ ಇದರೊಳಗೆ. ತಿಂದ್ರೆ ನಿನ್ನ ಮೈಮೇಲೂ ಉಂಗುರ ಏಳುತ್ತೆ."

"ಇಷ್ಟು ವರ್ಷ ಉಂಗುರ ಎದ್ದಿರೋ ಹಣ್ಣನ್ನೇ ತಿಂದಿದೀಯಲ್ಲೋ. ಬೆರಳಿಗೊಂದು ಏಳಲಿ ಬಿಡು, ನಿನ್ನ ಹೆಂಡತಿಗೆ ಮದುವೇಲಿ ಹಾಕದೇ ಇದ್ದಿದ್ದು ಈಗಲಾದ್ರೂ ಸಿಗುತ್ತೆ."

ಯುಫೇಮಿಯ ಹೋಟೆಲಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ಅವಳ ಚೀಟಿ ಹನ್ನೆರಡನೆಯದು. ಬೀಜದ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಆರು ವರ್ಷದಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಅವಳ ಪಿಕಪ್ಪಿನ ಪಕ್ಕ ಕಾಯುತ್ತಿದ್ದೆ.

"ಮನಾಂಗ್, ಒಂದು ಮಾತಿದೆ."

ಹೇಳಿದೆ. ನಾಲ್ಕನೆಯ ಸಾಲು, ಎಣ್ಣೆ ಗೆರೆ, ಎಂಟು ದಿನ, ಪುಸ್ತಕದಲ್ಲಿ ಬರೆದ ಪದ. ಗಾಳಿಯಿಂದಲೂ ಬಂದಿರಬಹುದು ಎಂದು ಸೇರಿಸಬೇಕೆಂದು ಬಾಯಿ ತೆರೆದೆ, ಸೇರಿಸಲಿಲ್ಲ.

ಅವಳು ಪೊಟ್ಟಣವನ್ನು ಸೀಟಿನ ಮೇಲೆ ಇಟ್ಟಳು. ಬಾಗಿಲು ಹಾಕಿದಳು. ತಿರುಗಿ ನನ್ನನ್ನು ನೋಡಿದಳು.

"ಆರು ವರ್ಷದಿಂದ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು ಅಂತ ಹುಡುಕ್ತಾ ಇದ್ದೆ ಕಣೇ" ಎಂದಳು. "ಗಾಳಿ ಮೇಲೆ ಮಾಡ್ಕೊಂಡೆ, ಹೇನಿನ ಮೇಲೆ ಮಾಡ್ಕೊಂಡೆ, ಸತ್ತಿರೋ ಗಂಡನ ಮೇಲೂ ಮಾಡ್ಕೊಂಡೆ. ದೇವರ ಮೇಲೆ ಮಾಡ್ಕೊಂಡು ಹಾಡೋದೇ ಬಿಟ್ಟೆ. ಈಗ ನೀನು ಸಿಕ್ಕಿದೀಯ. ನನಗೆ ಸ್ವಲ್ಪ ದಿನ ಬೇಕು. ನನ್ನ ಕಣ್ಣೆದುರಿಗೆ ಬರಬೇಡ."

"ಸರಿ ಮನಾಂಗ್."

"ಮನಾಂಗ್ ಅನ್ನಬೇಡ."

ಅಂದ ಹಾಗೆಯೇ ನಡೆದುಕೊಂಡಳು. ಚರ್ಚಿನಲ್ಲಿ ನಾನು ಕೂರುವ ಬೆಂಚಿನಿಂದ ಎದ್ದು ಹೋದಳು. ಯಾರದೋ ಸಾವಿನ ಒಂಬತ್ತನೆಯ ದಿನದ ಊಟದಲ್ಲಿ ನಾನು ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. ತಾತಾನ ಮನೆಗೂ ಹೋಗಿ ಅಂಗಳದಲ್ಲಿ ನಿಂತು ಅರ್ಧ ಗಂಟೆ ಬೈದಳಂತೆ. ಅವನೇ ಹೇಳಿದ. "ಬೈದು ಬೈದು ಗಂಟಲು ಒಣಗಿ, ನೀರು ಕೊಡು ಅಂದ್ಲು. ಕುಡಿದು ಮತ್ತೆ ಬೈದ್ಲು. ನನಗೆ ಹಗುರ ಆಯ್ತು." ನನಗೆ ಆಗಲಿಲ್ಲ. ಹೇಳಿದರೆ ಹಗುರಾಗುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಇಷ್ಟು ದಿನ ನಾನೊಬ್ಬಳೇ ಹೊತ್ತದ್ದನ್ನು ಈಗ ಅವಳೂ ಹೊರುತ್ತಿದ್ದಳು, ಅಷ್ಟೇ.

ಅವಳು ತೋಟ ಮಾಡಿದಳು. ಎಲ್ಲರೂ ಮಾಡಿದರು. ವರ್ಷದೊಳಗೆ ಪೂನದ ಕಲ್ಲಿನ ಮೇಲೆ ಮತ್ತೆ ಹಸಿರು ಎದ್ದಿತು. ಮೊದಲ ಹಣ್ಣು ಬಂದ ವಾರ ನಾನು ಒಂದನ್ನು ಕೊಯ್ದು ಚಮಚದ ಜೊತೆ ತಾತಾ ಕ್ರಿಸಾಂತೊನ ಮುಂದಿಟ್ಟೆ. ಅವನು ವಾಸನೆ ನೋಡಿದ, ತಿರುಳನ್ನು ಬೆಳಕಿಗೆ ಹಿಡಿದ, ಬಾಯಲ್ಲಿಟ್ಟು ಕಣ್ಣು ಮುಚ್ಚಿದ.

"ಹೇಗಿದೆ?"

"ಒಳ್ಳೇ ಹಣ್ಣು" ಎಂದ. ಇನ್ನೊಂದು ಚಮಚ ತಿಂದ. "ನಮ್ಮ ಮನೆ ಮಗಳಲ್ಲ. ಆದರೆ ಒಳ್ಳೆ ಮನೆ ಮಗಳು."

ಬೀಜವನ್ನು ತಟ್ಟೆಯ ಅಂಚಿಗೆ ಸರಿಸಿಟ್ಟ. ಇದು ಎರಡು ತಳಿ ಕೂಡಿಸಿ ಮಾಡಿದ್ದು, ಇದರ ಬೀಜ ಹಾಕಿದರೆ ತಾಯಿಯ ಹಾಗೆ ಬರುವುದಿಲ್ಲ, ಪ್ರತಿ ಸಲ ಹೊಸ ಬೀಜವನ್ನೇ ತರಬೇಕು ಎಂದು ನಾನು ಹೇಳಿದೆ. ಅವನಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಅವನ ಮುಖದಲ್ಲಿ ಕುತೂಹಲ ಬಂತು. "ಹಾಗಾದ್ರೆ ಹೇಗೆ ಬರುತ್ತೆ?"

ಹಿತ್ತಿಲಿನಲ್ಲಿ ನಲವತ್ತು ಬೀಜ ಹಾಕಿದ. ಹತ್ತು ಹನ್ನೊಂದು ಸಸಿ ರೋಗ ಹತ್ತಿ ಸತ್ತವು, ಉಳಿದವು ನಿಂತವು. ಕಾಯಿ ಬಿಟ್ಟಾಗ ನಾಲ್ಕರಲ್ಲಿ ಒಂದು ಕೆಂಪು ತಿರುಳು, ಮೂರು ಹಳದಿ. ಕುರ್ಚಿ ಹಾಕಿಕೊಂಡು ಕುಳಿತು ಇದನ್ನೆಲ್ಲ ಲೆಕ್ಕ ಹಾಕಿ, ತೊಕುಹಾರ ಬಂದಾಗ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ. "ಎರಡರಲ್ಲೂ ನಾಲ್ಕಕ್ಕೆ ಒಂದು ಡಾಕ್ಟ್ರೇ. ಇದಕ್ಕೆ ಏನಾದ್ರೂ ಕಾರಣ ಇದೆಯಾ, ಇಲ್ಲಾ ಇದೂ ಗೊತ್ತಿಲ್ವಾ?" ತೊಕುಹಾರ ಟೋಪಿ ತೆಗೆದು, ಇದು ಮಾತ್ರ ಗೊತ್ತು ಎಂದರು. ಇಬ್ಬರೂ ಕತ್ತಲಾಗುವವರೆಗೆ ಆ ಮರಗಳ ಕೆಳಗೆ ಕುಳಿತಿದ್ದರು.

ಆ ಎಂಟು ದಿನದಲ್ಲಿ ಉಳಿಸಿಕೊಂಡ ಅವನ ಹಳೆಯ ಬೀಜವೂ ನೆಲ ಕಂಡಿತು. ಜಪಾನಿನ ವ್ಯಾಪಾರಿಗಳು ಹೊಸ ಹಣ್ಣನ್ನು ಮುಟ್ಟುತ್ತಿರಲಿಲ್ಲ. ಹಳೆಯದೇ ಬೇಕು ಎನ್ನುತ್ತಿದ್ದರು. ಹೊಸ ಮರಗಳನ್ನು ಸುತ್ತ ದಟ್ಟವಾಗಿ ನೆಟ್ಟು ನಡುವೆ ಹಳೆಯದನ್ನು ಬೆಳೆಸಬಹುದು, ಹೇನು ಹೊರಗಿನ ಮರಗಳಲ್ಲೇ ಬಾಯಿ ತೊಳೆದುಕೊಂಡು ಒಳಗೆ ಬರುತ್ತದೆ ಎಂದು ವಿಶ್ವವಿದ್ಯಾಲಯದವರು ಕಂಡುಕೊಂಡಿದ್ದರು. ತಾತಾ ಹಾಗೆ ಒಂದು ಎಕರೆ ಮಾಡಿದ. ಎರಡು ಬೆಳೆ ಕಂಡು, ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಮಧ್ಯಾಹ್ನದ ನಿದ್ದೆಯಿಂದ ಏಳದೆ ಹೋದ. ಯುಫೇಮಿಯ ಅವನ ಶವಯಾತ್ರೆಗೆ ಬಂದಳು. ನನ್ನ ಕಡೆ ನೋಡಲಿಲ್ಲ.

ಅದಾಗಿ ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳ ಪಿಕಪ್ ನನ್ನ ಅಂಗಳದಲ್ಲಿ ನಿಂತಿತು. ಅವಳು ಕೆಳಗೆ ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿದಳು.

"ಹಿಂದಿನ ಸಾಲಲ್ಲಿ ಆರು ಮರ ಹಳದಿ ತಿರುಗ್ತಾ ಇದೆ. ಹೊಸ ಮರಕ್ಕೆ ಬರಲ್ಲ ಅಂತ ಹೇಳಿದ್ರಲ್ಲ ನಿಮ್ಮೋರು? ನನಗೆ ಕೈಕಾಲೇ ಆಡ್ತಿಲ್ಲ. ನಿನ್ನ ಕಣ್ಣು ಬೇಕು. ಹತ್ತು."

ಹತ್ತಿದೆ. ಆ ಸಾಲಿಗೆ ಹೋಗಿ ಮೊದಲನೆಯ ಮರದ ಎದುರು ನಿಂತೆ. ಎಲೆಯ ಎರಡೂ ಮೈ ನೋಡಿದೆ, ತೊಟ್ಟು ನೋಡಿದೆ, ಏಣಿ ತರಿಸಿ ತುದಿಯ ಎಲೆ ನೋಡಿದೆ, ಒಂದೊಂದು ಕಾಯಿಯನ್ನೂ ತಿರುಗಿಸಿದೆ. ಕೊನೆಗೆ ಬುಡದ ಕಲ್ಲು ಸರಿಸಿ ಬೇರಿಗೆ ಮೂಗು ಹಿಡಿದೆ. ಕೊಳೆತ ವಾಸನೆ. ಕೆಳಗೆ ಕಲ್ಲಿನ ಬಟ್ಟಲಿನಲ್ಲಿ ಮಳೆ ನೀರು ಕಟ್ಟಿ ನಿಂತಿತ್ತು.

"ಆ ರೋಗ ಅಲ್ಲ" ಎಂದೆ. "ಬೇರು ಕೊಳೆತಿದೆ. ನೀರು ಹೋಗೋಕೆ ದಾರಿ ಮಾಡಿದ್ರೆ ನಾಲ್ಕಾದ್ರೂ ಉಳಿಯುತ್ತೆ. ಈ ಎರಡು ಹೋಗುತ್ತೆ."

"ನಿಜವಾಗ್ಲೂ ನೋಡಿದೆಯಾ?"

"ನೋಡಿದೆ."

"ಇನ್ನೊಂದು ಸಲ ನೋಡು."

ನಾನು ಆರು ಮರವನ್ನೂ ಮೊದಲಿನಿಂದ ಇನ್ನೊಂದು ಸಲ ನೋಡಿದೆ. ಬಿಸಿಲು ಏರಿತ್ತು. ಅವಳು ಪ್ರತಿ ಮರಕ್ಕೂ ನನ್ನ ಹೆಗಲ ಹಿಂದೆಯೇ ಬಂದು ನಿಂತಳು. ನಾನು ನೋಡಿದ ಎಲೆಯನ್ನೇ ನೋಡಿದಳು, ನಾನು ತಿರುಗಿಸಿದ ಕಾಯಿಯನ್ನೇ ತಾನೂ ತಿರುಗಿಸಿದಳು.

"ಅಲ್ಲ ಮನಾಂಗ್" ಎಂದೆ, ಕೊನೆಯ ಮರದ ಹತ್ತಿರ.

ಆ ಪದಕ್ಕೆ ಅವಳು ಏನೂ ಅನ್ನಲಿಲ್ಲ. ಶೆಡ್ಡಿಗೆ ಹೋಗಿ ಎರಡು ಹಾರೆ ತಂದಳು. ಒಂದನ್ನು ನನ್ನ ಕೈಗೆ ಕೊಟ್ಟು, ನೀರು ಹರಿಯಬೇಕಾದ ಕಡೆಯ ಕಲ್ಲನ್ನು ಅವಳೇ ಮೊದಲು ಮೀಟತೊಡಗಿದಳು.